ಆ ಫೋಟೋದ ಕೆಳಗಿರೋ ಹವಳ

(1/6)
ಆ ಫೋಟೋ ನೆನಪಿದೆಯಾ? ಒಬ್ಬ ಸರ್ಫರ್ ಸಮುದ್ರದ ಮೇಲೆ ಗಾಳಿಯಲ್ಲಿ ನೆಟ್ಟಗೆ ನಿಂತಿದ್ದಾನೆ, ಒಂದು ಬೆರಳು ಆಕಾಶಕ್ಕೆ, ಪಕ್ಕದಲ್ಲಿ ಅವನ ಬೋರ್ಡೂ ಅಷ್ಟೇ ನೆಟ್ಟಗೆ. 2024ರ ಜುಲೈ 29, ಬ್ರೆಜಿಲ್‌ನ ಗೇಬ್ರಿಯಲ್ ಮೆಡೀನಾ, 9.90 ಅಂಕ. ಎಎಫ್‌ಪಿಯ ಜೆರೋಮ್ ಬ್ರೂಯೆ ದೋಣಿಯಲ್ಲಿ ಕೂತು ಕ್ಲಿಕ್ಕಿಸಿದ್ದು. ಹೆಸರಿಗೆ ಪ್ಯಾರಿಸ್ ಒಲಿಂಪಿಕ್ಸ್, ಜಾಗ ಮಾತ್ರ ಪ್ಯಾರಿಸ್‌ನಿಂದ 15,000 ಕಿಲೋಮೀಟರಿಗೂ ದೂರ: ಪೆಸಿಫಿಕ್ ಸಾಗರದ ತಾಹಿಟಿ ದ್ವೀಪದಲ್ಲಿ, ರಸ್ತೆ ಮುಗಿಯೋ ಕಡೆ ಇರೋ ತೆಆಹುಪೋ ಅನ್ನೋ ಹಳ್ಳಿ. ತಾಹಿಟಿ ಇವತ್ತಿಗೂ ಫ್ರಾನ್ಸಿಗೆ ಸೇರಿದ್ದು, ಅದಕ್ಕೇ ಅಲ್ಲಿ.

(2/6)
ಈ ಅಲೆ ಹುಟ್ಟೋದು ಹೇಗೆ ಗೊತ್ತಾ? ದಕ್ಷಿಣದ ಚಂಡಮಾರುತಗಳು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಆಳ ನೀರಲ್ಲೇ ಬರ್ತವೆ, ಅಡ್ಡ ಏನೂ ಇಲ್ಲ. ತೆಆಹುಪೋ ಹತ್ತಿರ ಹವಳದ ದಿಬ್ಬ ಗೋಡೆ ಥರ ದಿಢೀರ್ ಎದುರಾಗುತ್ತೆ. ಅಲೆಯ ಬುಡ ಅಲ್ಲಿ ತಡೆಯುತ್ತೆ, ತಲೆ ಮಾತ್ರ ಮುಂದಕ್ಕೆ ನುಗ್ಗಿ ಕೊಳವೆಯಾಗಿ ಮಗುಚುತ್ತೆ. ದಿಬ್ಬದ ಮೇಲೆ ಕೆಲವು ಕಡೆ ಸೊಂಟಮಟ್ಟಕ್ಕೂ ನೀರಿಲ್ಲ.
ನನಗೆ ತುಂಬಾ ಹಿಡಿಸಿದ ವಿಷಯ ಇನ್ನೊಂದಿದೆ. ಹವಳ ಸಿಹಿನೀರಲ್ಲಿ ಬೆಳೆಯಲ್ಲ. ಬೆಟ್ಟದಿಂದ ಹೊಳೆ ಬಂದು ಸೇರೋ ಕಡೆ ದಿಬ್ಬದಲ್ಲಿ ಒಂದು ಬಾಗಿಲು ಬಿಟ್ಟುಕೊಳ್ಳುತ್ತೆ. ಅಲೆ ಮುರಿಯೋದು ಆ ಬಾಗಿಲ ಅಂಚಲ್ಲೇ. ದೋಣಿಗಳು ಒಳಗೆ ಹೊರಗೆ ಓಡಾಡೋದೂ ಅಲ್ಲಿಂದಲೇ.

(3/6)
ಈಗ ಹಿಂದಕ್ಕೆ ಹೋಗೋಣ. 1769ರ ಮೇ ತಿಂಗಳು, ಕ್ಯಾಪ್ಟನ್ ಕುಕ್ ಜೊತೆ ತಾಹಿಟಿಗೆ ಬಂದಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಒಂದು ದೃಶ್ಯ ನೋಡಿ ದಿನಚರಿಯಲ್ಲಿ ಬರೆದಿಟ್ಟ: ಹತ್ತು ಹನ್ನೆರಡು ಜನ ಹಳೇ ದೋಣಿಯ ಹಿಂಬದಿ ತುಂಡೊಂದನ್ನ ಹಿಡಿದು ಅಲೆ ಮೇಲೆ ದಡಕ್ಕೆ ಜಾರಿ ಬರ್ತಿದ್ರು. ಯುರೋಪಿನವರು ಬರೆದ ಅಲೆಯಾಟದ ಅತಿ ಹಳೆಯ ವರ್ಣನೆಗಳಲ್ಲಿ ಇದೂ ಒಂದು. ಆ ದಡಕ್ಕೆ ಹವಳದ ಕಾವಲು ಇರಲಿಲ್ಲ ಅಂತಲೂ ಅವನು ಗಮನಿಸಿದ್ದ, ಅದಕ್ಕೇ ಅಲ್ಲಿ ಅಷ್ಟು ದೊಡ್ಡ ಅಲೆ. 1797ರಲ್ಲಿ ಮಿಷನರಿಗಳು ಬಂದರು. ಮುಂದಿನ ಕಾಲದಲ್ಲಿ ಆ ಆಟ ಸೊರಗಿತು.

(4/6)
ತೆಆಹುಪೋ ಹೊರಗಿನವರ ಕಣ್ಣಿಗೆ ಬಿದ್ದಿದ್ದು 1980ರ ದಶಕದಲ್ಲಷ್ಟೇ. 2000ದಲ್ಲಿ ಸ್ಥಳೀಯ ಸರ್ಫರ್ ಒಬ್ಬ ಇಲ್ಲಿ ಹವಳಕ್ಕೆ ಬಡಿದು ತೀರಿಕೊಂಡ. ಅದೇ ವರ್ಷ ಆಗಸ್ಟ್ 17ರಂದು ಲೇರ್ಡ್ ಹ್ಯಾಮಿಲ್ಟನ್ ಜೆಟ್‌ಸ್ಕೀಯಿಂದ ಎಳೆಸಿಕೊಂಡು ಬಂದು ರಾಕ್ಷಸ ಅಲೆಯೊಂದನ್ನ ಸವಾರಿ ಮಾಡಿದ. ಜಗತ್ತಿಗೆ ನೆನಪಿರೋದು ಎರಡನೇದು.

(5/6)
‘ನಾನೂ ಕಲೀಬೇಕು’ ಅಂತಿದ್ದೀರಾ? ಸರಿ, ಆದ್ರೆ ಹವಳದ ಮೇಲೆ ಬೇಡ. ತಾಹಿಟಿಯಲ್ಲೇ ಹೊಸಬರು ಹೋಗೋದು ಪಾಪೆನೋ, ಪಾಪಾರದ ಕಪ್ಪು ಮರಳಿನ ದಡಕ್ಕೆ. ನಮ್ಮ ಮುಲ್ಕಿಯಲ್ಲಿ 2004ರಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ಬೂ ಕಲಿಸೋದು ಮರಳಿನ ತಳದ ಮೇಲೆಯೇ. ಮರಳಿಗೆ ಬಿದ್ರೆ ಬಾಯಿತುಂಬಾ ಉಪ್ಪುನೀರು, ಅಷ್ಟೇ. ಹವಳಕ್ಕೆ ಬಿದ್ರೆ ಚರ್ಮ ಸೀಳುತ್ತೆ, ಗಾಯ ಬೇಗ ಕೀವಾಗುತ್ತೆ. ಗಾಬರಿಯಲ್ಲಿ ನೀವು ಕಾಲೂರಿದ್ರೆ ಹವಳವೂ ಸಾಯುತ್ತೆ, ಅದೂ ಜೀವವೇ ಅಲ್ವಾ?

(6/6)
ಈಗ ಫೋಟೋದಲ್ಲಿ ಕಾಣದ ಜಗಳ. ತೀರ್ಪುಗಾರರಿಗೆ ಅಲೆಯ ಎದುರು, ದಿಬ್ಬದ ಮೇಲೇ ಮೊದಲಿಂದ ಒಂದು ಮರದ ಗೋಪುರ ಇತ್ತು. ಒಲಿಂಪಿಕ್ಸ್‌ಗೆ ಅದು ಸುರಕ್ಷಿತವಲ್ಲ ಅಂತ ಅಲ್ಯೂಮಿನಿಯಂ ಗೋಪುರದ ಯೋಜನೆ ಬಂತು. ಹಳ್ಳಿಯವರು ಒಪ್ಪಲಿಲ್ಲ. ಹವಳ ಒಡೆದ ಕಡೆ ಬೆಳೆಯೋ ಸೂಕ್ಷ್ಮ ಪಾಚಿ ಮೀನನ್ನ ವಿಷ ಮಾಡುತ್ತೆ. ಮೀನೇ ಊಟವಾಗಿರೋ ಊರಿಗೆ ಇದು ಸಣ್ಣ ಮಾತಲ್ಲ. ತಳದ ಆಕಾರ ಬದಲಾದ್ರೆ ಅಲೆಯೂ ಬದಲಾಗಬಹುದು. 2023ರ ಅಕ್ಟೋಬರಲ್ಲಿ ಮೆರವಣಿಗೆ ಮಾಡಿದ್ರು, ಆನ್‌ಲೈನ್ ಮನವಿಗೆ ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಗೋಪುರ ಚಿಕ್ಕದಾಯ್ತು, ಹಗುರವಾಯ್ತು. ಡಿಸೆಂಬರಲ್ಲಿ ಪರೀಕ್ಷೆಗೆ ಹೋದ ಬಾರ್ಜ್ ಹವಳವನ್ನ ಮುರಿದೇ ಬಿಡ್ತು. ಕೆಲಸ ಕೆಲಕಾಲ ನಿಂತಿತು, ಆಮೇಲೆ ಮುಂದುವರಿಯಿತು. ಕೆಲವೇ ದಿನದ ಸ್ಪರ್ಧೆಗೆ ಇಷ್ಟೆಲ್ಲ ಬೇಕಿತ್ತಾ? ನನ್ನ ಪ್ರಕಾರ ಬೇಕಿರಲಿಲ್ಲ, ದಡದಿಂದಲೋ ದೋಣಿಯಿಂದಲೋ ನೋಡೋ ದಾರಿ ಹುಡುಕಬಹುದಿತ್ತು.
ಆಗಸ್ಟ್ 5ರಂದು ಪುರುಷರ ಚಿನ್ನ ಗೆದ್ದಿದ್ದು ಕೌಲಿ ವಾಸ್ತ್, 22ರ ಹುಡುಗ, ತಾಹಿಟಿಯವನೇ, ಚಿಕ್ಕಂದಿನಿಂದ ಇದೇ ಅಲೆಯಲ್ಲಿ ಬೆಳೆದವನು. ಅವನಿಗೆ ಅಂಕ ಕೊಟ್ಟವರು ಕೂತಿದ್ದು ಆ ಹೊಸ ಗೋಪುರದಲ್ಲೇ.

#ತೆಆಹುಪೋ #ಹವಳ #ಅಲೆಯ_ಇತಿಹಾಸ