ಚೌಕಾಬಾರ: ಒಂದಾದ್ರೂ ಕಾಯಿ ಕಡೀದಿದ್ರೆ ಒಳಸುತ್ತಿಗೆ ಪ್ರವೇಶ ಇಲ್ಲ

ಕಮತಗಿ: ಇಳಕಲ್ ಸೀರೆ ನೇಯುವ ಊರಿದು. ದಿನವಿಡೀ ಮಗ್ಗದಾಗ ಕೂತವರು ಬಿಡುವಾದಾಗ ಮತ್ತೆ ಕೂತೇ ಆಡೋ ಆಟ ಚೌಕಾಬಾರ.

ಕಟ್ಟೆ ಮೇಲೆ ಸೀಮೆಸುಣ್ಣದಿಂದ ಐದೈದರಂತೆ 25 ಮನೆ ಬರೆದರೆ ಸಾಕು. ನಾಲ್ಕೂ ಬದಿಯ ನಡುಮನೆ ಹಾಗೂ ಮಧ್ಯದ ಮನೆಗೆ ಗುಣಾಕಾರದ ಗುರುತು. ಅಲ್ಲಿದ್ದ ಕಾಯಿ ಕಡಿಯುವಂತಿಲ್ಲ.

ನಾಲ್ಕು ಕವಡೆ ಬೇಕು. ಎಲ್ಲ ಅಂಗಾತ ಬಿದ್ದರೆ ಚೌಕ, ಅಂದರೆ 4. ಎಲ್ಲ ಬೋರಲಾದರೆ ಬಾರ, 8. ಎರಡಕ್ಕೂ ಮತ್ತೊಮ್ಮೆ ಹಾಕಬಹುದು. ಕವಡೆ ಇಲ್ಲದಿದ್ದರೆ ಒಂದು ಬದಿ ತೇಯ್ದ ಹುಣಸೆಬೀಜವೂ ನಡೀತದೆ.

ಒಬ್ಬರಿಗೆ 4 ಕಾಯಿ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8. ಒಳಗೆ ಹೋಗಬೇಕಂದ್ರೆ ಎದುರಾಳಿಯ ಒಂದಾದರೂ ಕಾಯಿ ಕಡಿದಿರಬೇಕು, ಇಲ್ಲದಿದ್ದರೆ ಹೊರಗೇ ಸುತ್ತು. ಕಡಿಸಿಕೊಂಡ ಕಾಯಿ ಮೊದಲಿನಿಂದ ಹೊರಡಬೇಕು. ನಿಯಮ ಊರಿಂದೂರಿಗೆ ಬೇರೆ ಆಗಿರೋದರಿಂದ ಜಗಳ ಹುಟ್ಟೋದೂ ಇಲ್ಲೇ. ಕವಡೆ ಹಾಕೋಕೆ ಮುಂಚೆಯೇ ಮಾತಾಡಿಕೊಳ್ಳೋದು ಒಳ್ಳೇದು.

ಇನ್ನೊಂದು ಮಾತು. ಬೀದಿಕಟ್ಟೆಯಲ್ಲಿ ದುಡ್ಡು ಕಟ್ಟಿ ಆಡಿದರೆ ಅದು ಜೂಜು. ಕವಡೆ ಬೀಳೋದು ಅದೃಷ್ಟದ ಮೇಲೆ, ಹಾಗಾಗಿ ‘ಇದು ಬುದ್ಧಿ ಆಟ ಸಾಹೇಬ್ರೆ’ ಅನ್ನೋ ವಾದ ನಿಲ್ಲೋದು ಕಷ್ಟ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಅಡಿ ಕೇಸ್ ಬೀಳಬಹುದು.