ಕೋವಿಯಿಂದ ಕ್ಯಾಮರಾದೆಡೆಗೆ

ಕಾಡನ್ನು ಕೋವಿಯ ತುದಿಯಿಂದಲೇ ಕಾಣುತ್ತಿದ್ದ ಕಾಲವೊಂದಿತ್ತು. ಆಗ ಉತ್ತರ ಭಾರತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ನರು ಹುಲಿಯ ಹಾದಿಗೆ ತಂತಿ ಕಟ್ಟಿ, ಇರುಳಿನಲ್ಲಿ ಅದನ್ನು ಸೋಕಿದ ಹುಲಿಯೇ ತನ್ನ ಚಿತ್ರವನ್ನು ತೆಗೆದುಕೊಳ್ಳುವಂತೆ ಮಾಡಿದರು. ಆ ಚಿತ್ರಗಳ ಗ್ರಂಥ 1927ರಲ್ಲಿ ಹೊರಬಂದಿತು. ಮುಂದೆ ಬೆಂಗಳೂರಿನ ಟಿ. ಎನ್. ಎ. ಪೆರುಮಾಳರು (1932–2017) ಈ ಕಲೆಯಲ್ಲಿ ಹೆಸರಾದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (1938–2007) ಲೇಖನಿಯೊಡನೆ ಕ್ಯಾಮರಾವನ್ನೂ ಹಿಡಿದು ಹಕ್ಕಿಗಳನ್ನು ಕನ್ನಡಿಗರಿಗೆ ಪರಿಚಯಿಸಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಕಡಿವಾಣ ಹಾಕಿತು. ಆದರೆ ಕ್ಯಾಮರಾದಿಂದಲೂ ಜೀವಹಾನಿಯುಂಟು. ಗೂಡು ಚೆನ್ನಾಗಿ ಕಾಣಲೆಂದು ಮರೆಯ ಎಲೆಗಳನ್ನು ಕಡಿದರೆ ಮರಿಗಳು ಬಿಸಿಲಿಗೂ ಕಾಗೆಗೂ ಈಡಾಗುತ್ತವೆ. ನಾಯ್ಮಾರ್ಮೂಲೆಯ ತೋಟಗಳಲ್ಲಿ ಹಕ್ಕಿಯನ್ನೋ ಚಿಟ್ಟೆಯನ್ನೋ ಚಿತ್ರಿಸಹೊರಟ ನಾವು ಮೊದಲು ಕಲಿಯಬೇಕಾದುದು ದೂರ ನಿಂತು ಕಾಯುವುದನ್ನು.