ಕೃಷ್ಣೆಯ ದಂಡೆಯಿಂದ ಮುಂಬಯಿಗೆ

ಬೀಳಗಿ ತಾಲ್ಲೂಕಿನ ಗಲಗಲಿ ಇರುವುದು ಕೃಷ್ಣೆಯ ದಂಡೆಯ ಮೇಲೆ. ಗಾಲವ ಋಷಿ ತಪಸ್ಸು ಮಾಡಿದ ಜಾಗವೆಂಬ ನಂಬಿಕೆಯಿಂದ ಇದನ್ನು ಗಾಲವ ಕ್ಷೇತ್ರ ಎನ್ನುತ್ತಾರೆ. ಈಗ ಹೋದವರಿಗೆ ಕಾಣುವುದು ಹೊಳೆ, ಬ್ಯಾರೇಜು, ಕಬ್ಬಿನ ಹೊಲ. ಆದರೆ 1695ರಲ್ಲಿ ಇಲ್ಲೊಂದು ಮಹಾನಗರವೇ ಬೀಡುಬಿಟ್ಟಿತ್ತು. ದಖ್ಖನಿನ ಯುದ್ಧಕ್ಕೆ ಬಂದ ಔರಂಗಜೇಬ ಇಲ್ಲಿ ಪಾಳೆಯ ಹೂಡಿದ್ದ. ಅವನನ್ನು ಕಾಣಲು ಬಂದ ಇಟಲಿಯ ಪ್ರವಾಸಿ ಗೆಮೆಲ್ಲಿ ಕರೇರಿ, ಪಾಳೆಯದ ಸುತ್ತಳತೆ 30 ಮೈಲಿ, ಪೇಟೆಗಳು 250, ಜನ 5 ಲಕ್ಷ ಎಂದು ಬರೆದಿಟ್ಟ. ಲೆಕ್ಕ ಕೊಂಚ ಹಿಗ್ಗಿರಬಹುದು. ಕೋಲೂರಿಕೊಂಡು ಬಂದ ಮುದಿ ಬಾದಶಹನನ್ನು ಅವನು ಕಣ್ಣಾರೆ ಕಂಡದ್ದಂತೂ ಇಲ್ಲಿಯೇ.

ಪಾಳೆಯ ಎದ್ದುಹೋಯಿತು, ಹಾಡು ಉಳಿಯಿತು. ಹೆಚ್ಚುಕಡಿಮೆ ಅದೇ ಕಾಲದ ಗಲಗಲಿ ಅವ್ವ ಹರಿದಾಸ ಪರಂಪರೆಯ ಹೆಣ್ಣುಮಕ್ಕಳಲ್ಲಿ ಮೊದಲು ನೆನಪಾಗುವವರು. ಆಮೇಲೆ ಪಂಢರಿನಾಥಾಚಾರ್ಯ ಗಲಗಲಿಯವರು ಸಂಸ್ಕೃತ ಚಂಪೂಕಾವ್ಯಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಪಂಡಿತರ ಊರೆಂಬ ಹೆಸರು ಗಲಗಲಿಗೆ ಗಟ್ಟಿಯಾಗಿದೆ. ಆದರೆ ಇದೇ ಸೀಮೆಯಿಂದ ದೊಡ್ಡ ಶಹರಕ್ಕೆ ಹೋಗಿ ದುಡಿದು ಹೆಸರಾದ ಕಲಾವಿದರ ಮಾತು ಬಂದಾಗ ನಾವು ತಟ್ಟನೆ ಮೈಸೂರು, ಬೆಂಗಳೂರಿನ ಕಡೆ ನೋಡುತ್ತೇವೆ. ಅದು ಸರಿಯಲ್ಲ. 1956ರವರೆಗೆ ಈ ಸೀಮೆಯಿದ್ದ ಬಿಜಾಪುರ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಗದಗ–ಹೊಟಗಿ ಮೀಟರ್‌ಗೇಜ್ ಗಾಡಿ ಹತ್ತಿ, ಹೊಟಗಿಯಲ್ಲಿ ಬದಲಿಸಿದರೆ ಮುಂಬಯಿ. ಸರಕಾರಿ ಕಚೇರಿ, ಗ್ರಾಮಫೋನ್ ಕಂಪನಿ, ಸಿನಿಮಾ ಸ್ಟುಡಿಯೋ ಎಲ್ಲವೂ ಇಲ್ಲಿಯವರಿಗೆ ಆ ದಿಕ್ಕಿನಲ್ಲೇ ಇದ್ದವು.

ಆ ದಾರಿಯಲ್ಲಿ ಹೋದವರು ಬೀಳಗಿಯ ಅಕ್ಕತಂಗಿಯರು, ಗೋಹರಬಾಯಿ ಮತ್ತು ಅಮೀರಬಾಯಿ. ಇಬ್ಬರ ಹೆಸರಿನ ಮುಂದೆಯೂ ‘ಕರ್ನಾಟಕಿ’ ಎಂದೇ ಅಚ್ಚಾಯಿತು.

ಅಕ್ಕನ ಕಥೆ ನನಗೆ ಹೆಚ್ಚು ಬೆರಗಿನದು. ಮರಾಠಿ ರಂಗಭೂಮಿಯಲ್ಲಿ ಹೆಣ್ಣು ಪಾತ್ರವೆಂದರೆ ನಟ ಬಾಲಗಂಧರ್ವ ಎನ್ನುವ ಕಾಲ. ಅವರ ಗಾಯನಶೈಲಿಯನ್ನು ಗೋಹರಬಾಯಿ ಎಷ್ಟು ಮೈಗೂಡಿಸಿಕೊಂಡಿದ್ದರೆಂದರೆ, 1930ರ ದಶಕದ ಕೊನೆಗೆ ಅವರ ಕಂಪನಿಯಾದ ಗಂಧರ್ವ ನಾಟಕ ಮಂಡಳಿಗೆ ಬಂದಾಗ ಅವರದೇ ಪಾತ್ರಗಳಿಗೆ ಬಣ್ಣ ಹಚ್ಚಿದರು. ಕಂಪನಿ ಆಗ ಸಾಲದಲ್ಲಿತ್ತು. ಕನ್ನಡ ಮನೆಮಾತಿನ ಸೀಮೆಯ ಮುಸ್ಲಿಂ ಹೆಣ್ಣುಮಗಳು ಮರಾಠಿ ನಾಟ್ಯಗೀತೆಯ ಗದ್ದುಗೆಯ ಹತ್ತಿರ ಕೂತದ್ದನ್ನು ಅನೇಕರು ಸಹಿಸಲಿಲ್ಲ. ನಿಂದೆಯನ್ನೆಲ್ಲ ನುಂಗಿಕೊಂಡು ಅವರು ಬಾಲಗಂಧರ್ವರ ಕಷ್ಟದ ದಿನಗಳಲ್ಲಿ ಜೊತೆಗಿದ್ದರು.

ತಂಗಿ ಅಮೀರಬಾಯಿ 1934ರ ‘ವಿಷ್ಣುಭಕ್ತಿ’ ಚಿತ್ರದಿಂದ ಪರದೆಗೆ ಬಂದರು. ಮನೆಮಾತಾದದ್ದು 1943ರ ‘ಕಿಸ್ಮತ್’ನಿಂದ. ಬಾಂಬೆ ಟಾಕೀಸ್‌ನ ಆ ಚಿತ್ರ ಕಲಕತ್ತೆಯ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಸಾಹಿತ್ಯ. ಪರಕೀಯರನ್ನು ತೊಲಗಿರೆನ್ನುವ ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರು ಇದ್ದುದರಿಂದ ಬ್ರಿಟಿಷರ ಸೆನ್ಸಾರ್ ದಾಟಿಹೋಯಿತು. ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಬಿಸಿಯಲ್ಲಿದ್ದ ಜನ ಅದರ ಅರ್ಥವನ್ನು ಸರಿಯಾಗಿಯೇ ತಿಳಿದುಕೊಂಡರು. ಅದನ್ನು ಹಾಡಿದ ದನಿಗಳಲ್ಲಿ ಬೀಳಗಿಯದೂ ಒಂದು. ಮರುವರ್ಷ ನೌಷಾದರ ‘ರತನ್’. ಗುಜರಾತಿ, ಕನ್ನಡದಲ್ಲೂ ಹಾಡಿದರು.

‘ಕನ್ನಡ ಕೋಗಿಲೆ’ ಎಂದು ಕರೆದು ಕೈತೊಳೆದುಕೊಂಡರೆ ಅಮೀರಬಾಯಿಗೆ ಅನ್ಯಾಯ. 1948ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿ. ಸಂಗೀತ ನಿರ್ದೇಶನದಲ್ಲಿ ಹೆಣ್ಣುಮಕ್ಕಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲವದು. ಅವರ ಹೆಸರಿನ ಅಮೀರ್ ಟಾಕೀಸ್ ಎದ್ದುನಿಂತದ್ದು ಮುಂಬಯಿಯಲ್ಲಲ್ಲ, ಬಿಜಾಪುರದಲ್ಲಿ. 1965ರಲ್ಲಿ ಅವರು ತೀರಿಕೊಂಡರು. ರಹಮತ್ ತರೀಕೆರೆಯವರು ಅವರ ಬದುಕನ್ನು ಕುರಿತು ಪುಸ್ತಕ ಬರೆದು ಕನ್ನಡದ ಋಣವನ್ನು ಒಂದಿಷ್ಟು ತೀರಿಸಿದ್ದಾರೆ. ಉಳಿದದ್ದು ಈ ಸೀಮೆಯವರು ಮಾಡಬೇಕಾದ ಕೆಲಸ.

ಗಲಗಲಿ, ಬೀಳಗಿ, ಜಮಖಂಡಿ, ಬನಹಟ್ಟಿಯ ಹಳೆಯ ಮನೆಗಳ ಅಟ್ಟದಲ್ಲಿ ಗ್ರಾಮಫೋನ್ ತಟ್ಟೆ, ನಾಟಕದ ಹಸ್ತಪತ್ರಿಕೆ ಸಿಕ್ಕರೆ ಗುಜರಿಗೆ ಹಾಕಬೇಡಿ. ಗಲಗಲಿ ಅವ್ವನ ಹಾಡು ಬಲ್ಲ ಅಜ್ಜಿಯರಿದ್ದರೆ ಮೊಬೈಲಿನಲ್ಲಾದರೂ ರೆಕಾರ್ಡ್ ಮಾಡಿಕೊಳ್ಳಿ. ಊರಿನ ಶಾಲೆಯ ಮಾಸ್ತರರು ಮನಸ್ಸು ಮಾಡಿದರೆ ಈ ಬೇಸಿಗೆ ರಜೆಯಲ್ಲೇ ಶುರುವಾಗುವ ಕೆಲಸ ಇದು.